ಬೆಟ್ಟಕ್ಕೆ ಯಜ್ಡಿಯೋ, ಆರ್‌ಎಕ್ಸ್ ನೂರೋ?

ಮೈಸೂರಿನಲ್ಲಿ ಕೂತು ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ನೇ ಮೇಲು ಅಂದರೆ ಜಗಳ ಗ್ಯಾರಂಟಿ. 1961ರಿಂದ 1996ರವರೆಗೆ ಜಾವಾ, ಯಜ್ಡಿ ಬೈಕುಗಳು ತಯಾರಾದ ಊರು ಅಲ್ವಾ ಇದು. ಆದರೂ ಎರಡನ್ನೂ ಚಾಮುಂಡಿ ಬೆಟ್ಟಕ್ಕೆ ಹತ್ತಿಸಿ, ಮಂಡ್ಯದವರೆಗೆ ಓಡಿಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಅದೇ. ಹಾಗಂತ ಬೆಟ್ಟಕ್ಕೆ ಹೊರಟರೆ ನಾನು ತೆಗೆಯುವುದು ಯಜ್ಡಿಯನ್ನು.

ಎರಡೂ ಟೂ ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಸಲ ಇಂಧನ ಉರಿಯುವ ಎಂಜಿನ್. ಎರಡಕ್ಕೂ ಒಂದೇ ಸಿಲಿಂಡರ್. ಶಕ್ತಿ ತೆಗೆಯುವ ದಾರಿ ಮಾತ್ರ ಪೂರ್ತಿ ಬೇರೆ. ಯಜ್ಡಿಯ ಮೂಲ ಜೆಕ್ ದೇಶದ ಜಾವಾ. ಅದು ಹೆಸರು ಮಾಡಿದ್ದು ಆರು ದಿನ ನಡೆಯುವ ಸಿಕ್ಸ್ ಡೇಸ್‌ನಂಥ ಬೈಕ್ ಸ್ಪರ್ಧೆಗಳಲ್ಲಿ. ಕಾಡು, ಕೆಸರು, ಕಲ್ಲು ದಾಟಿ ದಿನಗಟ್ಟಲೆ ಓಡಬೇಕು. ಅಲ್ಲಿ ಬೇಕಿದ್ದು ಎಳೆತ ಮತ್ತು ಬಾಳಿಕೆ. ಯಮಹಾ ಗೆದ್ದಿದ್ದು ಟ್ರ್ಯಾಕಿನಲ್ಲಿ. 1964ರಲ್ಲಿ ಬ್ರಿಟನ್ನಿನ ರೇಸರ್ ಫಿಲ್ ರೀಡ್ ಯಮಹಾದ ಟೂ ಸ್ಟ್ರೋಕ್ ಗಾಡಿಯಲ್ಲೇ 250 ಸಿಸಿ ವಿಶ್ವ ಚಾಂಪಿಯನ್ ಆದರು. ಅಲ್ಲಿ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದೇ ಮುಖ್ಯ.

ಆ ಗುಣ ಮನೆ ಮುಂದಿನ ಗಾಡಿಗಳಲ್ಲೂ ಕಾಣುತ್ತದೆ. ಯಜ್ಡಿ ರೋಡ್‌ಕಿಂಗ್‌ನ ಸುಮಾರು 250 ಸಿಸಿ ಎಂಜಿನ್ 4,750 ಆರ್‌ಪಿಎಂಗೇ (ನಿಮಿಷಕ್ಕೆ ಅಷ್ಟು ಸುತ್ತು) ತನ್ನ 16 ಎಚ್‌ಪಿಯನ್ನೆಲ್ಲ ಕೊಟ್ಟುಬಿಡುತ್ತದೆ. 1985ರಲ್ಲಿ ಬಂದ ಆರ್‌ಎಕ್ಸ್ ಬರೀ 98 ಸಿಸಿ. ಆದರೆ 7,500 ಆರ್‌ಪಿಎಂಗೆ ಏರಿ 11 ಎಚ್‌ಪಿ ತೆಗೆಯುತ್ತದೆ. ಅಷ್ಟು ಚಿಕ್ಕ ಎಂಜಿನ್ನಿಂದ ಅಷ್ಟು ಶಕ್ತಿ! ಇದಕ್ಕೆ ಒಂದು ಕಾರಣ ರೀಡ್ ವಾಲ್ವ್ ಅನ್ನುವ, ಒಂದೇ ಕಡೆಗೆ ತೆರೆಯುವ ಬಾಗಿಲು. ಯಜ್ಡಿಯಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಬರುವ ಕಿಂಡಿಯನ್ನು ಪಿಸ್ಟನ್ನೇ ತೆಗೆದು ಮುಚ್ಚುತ್ತದೆ. ಎಂಜಿನ್ ನಿಧಾನ ಇದ್ದಾಗ ಒಳಗೆ ಬಂದ ಮಿಶ್ರಣ ಸ್ವಲ್ಪ ಕಾರ್ಬುರೇಟರ್ ಕಡೆಗೇ ವಾಪಸ್ ಹೋಗಿಬಿಡಬಹುದು. ಆರ್‌ಎಕ್ಸ್‌ನಲ್ಲಿ ಆ ದಾರಿಗೆ ತೆಳುವಾದ ಪಟ್ಟಿಗಳಿವೆ. ಒಳಗೆ ಹೋಗಲು ತೆರೆಯುತ್ತವೆ, ಹಿಂದೆ ಬರಲು ಬಿಡುವುದಿಲ್ಲ. ಹಾಗಾಗಿ ಹೆಚ್ಚು ಆರ್‌ಪಿಎಂಗೆ ಟ್ಯೂನ್ ಮಾಡಿದರೂ ಊರೊಳಗೆ ನಿಧಾನ ಹೋಗುವಾಗ ಮುಗ್ಗರಿಸುವುದಿಲ್ಲ. ಇಂಥ ಬುದ್ಧಿವಂತಿಕೆ ರೋಡ್‌ಕಿಂಗ್‌ಗೂ ಸಿಗಬೇಕಿತ್ತು. ಕೊನೆಯವರೆಗೂ ಸಿಗಲಿಲ್ಲ ಅನ್ನುವುದು ನನಗೆ ಈಗಲೂ ಬೇಜಾರು.

ಮಂಡ್ಯದ ರಸ್ತೆಯಲ್ಲಿ ಒಬ್ಬನೇ ಹೋದರೆ ಆರ್‌ಎಕ್ಸ್‌ನ ಮಜವೇ ಬೇರೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ ಒಂದು ಗೇರ್ ಇಳಿಸಿ ಆಕ್ಸಿಲರೇಟರ್ ತಿರುವಿದರೆ ಸರ್ ಅಂತ ಮುಂದೆ ಬಂದಿರುತ್ತೀರಿ. ಗಾಡಿ ನೂರು ಕೆಜಿ ಚಿಲ್ಲರೆ ಅಷ್ಟೇ. ಯಜ್ಡಿ ಅಲ್ಲಿ ಭಾರ ಅನ್ನಿಸುತ್ತದೆ, ಹ್ಯಾಂಡಲ್ ಕೂಡ ಜಾಸ್ತಿ ನಡುಗುತ್ತದೆ.

ಬೆಟ್ಟದಲ್ಲಿ ಹಿಂದೆ ಒಬ್ಬರು ಕೂತರು ಅನ್ನಿ, ಲೆಕ್ಕ ತಿರುಗಿತು. ಯಜ್ಡಿಯ ಟಾರ್ಕ್, ಅಂದರೆ ಎಳೆಯುವ ಬಲ, 24 ನ್ಯೂಟನ್ ಮೀಟರ್, ಆರ್‌ಎಕ್ಸ್‌ನದು ಹತ್ತು ಚಿಲ್ಲರೆ. ತಿರುವಿನಲ್ಲಿ ಬಸ್ಸು ಅಡ್ಡ ಬಂದು ವೇಗ ಬಿತ್ತು ಅಂದರೆ ಆರ್‌ಎಕ್ಸ್ ಮತ್ತೆ ಗೇರ್ ಇಳಿಸು ಅನ್ನುತ್ತದೆ, ಕಿರುಚುತ್ತಲೇ ಏರುತ್ತದೆ. ಯಜ್ಡಿ ಅದೇ ಗೇರಿನಲ್ಲಿ ಗುಡುಗುಡು ಅಂತ ಎಳೆದುಕೊಂಡು ಹೋಗುತ್ತದೆ. ಹಿಂದೆ ಕೂತವರೂ ಆರಾಮಾಗಿ ಮಾತಾಡಿಕೊಂಡೇ ಬರಬಹುದು.

ಮೈಲೇಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಆರ್‌ಎಕ್ಸ್ ಸುಲಭವಾಗಿ ಮುಂದೆ.

ಒಂಟಿ ಸವಾರಿ, ನೇರ ರಸ್ತೆ, ದಿನದ ಓಡಾಟ ಅಂದರೆ ಆರ್‌ಎಕ್ಸ್ ತೆಗೆದುಕೊಳ್ಳಿ. ಮನೆಯವರನ್ನು ಕೂರಿಸಿಕೊಂಡು ಬೆಟ್ಟ ಹತ್ತುವ ಅಭ್ಯಾಸ ಇದ್ದರೆ ಒಳ್ಳೆ ಸ್ಥಿತಿಯ ರೋಡ್‌ಕಿಂಗ್ ಹುಡುಕಿ. ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವುದು ಮೊದಲು ಗಲಿಬಿಲಿ ಮಾಡುತ್ತದೆ, ಆಮೇಲೆ ಕಾಲಿಗೇ ಗೊತ್ತಾಗುತ್ತದೆ.