ಸಾಗರದಿಂದ ವಾಲ್ ರೆಂಡೇನಾಕ್ಕೆ: ಒಂದು ಭಿತ್ತಿಚಿತ್ರ ಪ್ರವಾಸದ ವಿಮರ್ಶೆ

ಸಾಗರದ ಪ್ರವಾಸ ಸಂಸ್ಥೆಯೊಂದು ಉತ್ತರ ಇಟಲಿಯ ವಾಲ್ ರೆಂಡೇನಾ ಕಣಿವೆಯ ಹಳ್ಳಿ ಚರ್ಚುಗಳಿಗೆ ಏರ್ಪಡಿಸಿದ್ದ ಪ್ರವಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಮಾರ್ಗದರ್ಶಕಿಯ ತಾಳ್ಮೆ. ಪಿಂಜೋಲೋದ ಸಂತ ವಿಜಿಲಿಯೊ ಚರ್ಚಿನ ಹೊರಗೋಡೆಯಲ್ಲಿ ಸಿಮೋನೆ ಬಾಸ್ಕೆನಿಸ್ 1539ರಲ್ಲಿ ಮಧ್ಯಯುಗದ ಸಂಪ್ರದಾಯದಂತೆ ಬರೆದ ‘ಸಾವಿನ ಕುಣಿತ’ದೆದುರು ಅವರು ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದರು, ಪೋಪನಿಂದ ಹಿಡಿದು ಮಗುವಿನವರೆಗೆ ಯಾರನ್ನೂ ಬಿಡದೆ ಅಸ್ಥಿಪಂಜರಗಳು ಕರೆದೊಯ್ಯುವ ಆ ಸಾಲನ್ನು ಹಾಗೆಯೇ ನೋಡಬೇಕು. ಹಸಿ ಸುಣ್ಣದ ಗಾರೆಯ ಮೇಲೆ ಹಚ್ಚಿದ ಬಣ್ಣವು, ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವಾಗ ಅದರೊಳಗೇ ಸೇರಿಹೋಗುವ ಬಗೆಯನ್ನು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಮೂಡುವ ನಮ್ಮ ದೀವರ ಹಸೆ ಚಿತ್ತಾರದ ಪಕ್ಕದಲ್ಲಿಟ್ಟು ವಿವರಿಸಿದ್ದು ಸೊಗಸಾಗಿತ್ತು. ಆದರೆ ಅದೇ ಕಲಾವಿದನ ಚಿತ್ರಗಳಿರುವ ಕಾರಿಸೋಲೋದ ಸಂತ ಸ್ತೆಫಾನೊ ಚರ್ಚನ್ನು ಅವಸರದಲ್ಲಿ ಮುಗಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಮುಂದಿನ ತಂಡಕ್ಕೆ ಅಲ್ಲಿ ಅರ್ಧ ದಿನವನ್ನಾದರೂ ಕೊಡಬೇಕು.