ಆಲ್ ಟೆರೈನ್ ಟೈರ್: ಮೂರು ಚಳಿಗಾಲ, 48 ಸಾವಿರ ಕಿಲೋಮೀಟರ್ ಆದ ಮೇಲೆ

ಡಾಂಬರು ರಸ್ತೆಗೂ ಮಣ್ಣು ಹಾದಿಗೂ ಆಗುವಂಥ ಈ ಆಲ್ ಟೆರೈನ್ ಟೈರ್‌ಗಳ ಬಗ್ಗೆ, ಹಾಕಿಸಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಟೈರಿನ ಮೈಮೇಲೆ ದಪ್ಪ ದಪ್ಪ ರಬ್ಬರ್ ಗಟ್ಟಿಗಳು, ಅಂದರೆ ಬಟನ್, ಗಾಡಿಗೆ ಒಂದು ಗತ್ತು. ಈಗ ಮೂರು ಚಳಿಗಾಲ ಕಳೆದಿದೆ. ಗತ್ತಿನ ಮಾತು ಬಿಟ್ಟು, ಹಿಮದಲ್ಲಿ ಮತ್ತು ಒದ್ದೆ ರಸ್ತೆಯಲ್ಲಿ ಇವು ಹೇಗಿವೆ ಅಂತ ಮಾತ್ರ ಹೇಳುತ್ತೇನೆ. ಗಾಡಿ ಫೋರ್ ವೀಲ್ ಡ್ರೈವ್ ಎಸ್‌ಯುವಿ. ಇದಕ್ಕೂ ಮೊದಲು ಒಂದು ಸೆಟ್ ಮಡ್ ಟೆರೈನ್, ಅಂದರೆ ಕೆಸರಿಗೆಂದೇ ಮಾಡಿದ ಟೈರ್, ಓಡಿಸಿದ್ದೆ.

ಮೊದಲು ಹೊಗಳಿಕೆ. ಆಗಷ್ಟೇ ಬಿದ್ದ, ಯಾರೂ ತುಳಿಯದ ಹಿಮದಲ್ಲಿ ಇವು ಸೊಗಸು. ಗೇಣುದ್ದ ಹಿಮ ಇದ್ದ ಏರಿನಲ್ಲಿ ಒಮ್ಮೆ ಗಾಡಿ ನಿಲ್ಲಿಸಿ, ಇಳಿದು ನೋಡಿದೆ. ಬಟನ್‌ಗಳ ಸಂದಿಯಲ್ಲೆಲ್ಲ ಹಿಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸಂದಿಯೇ ಮುಚ್ಚಿಹೋಯಿತಲ್ಲ, ಇನ್ನು ಗ್ರಿಪ್ ಎಲ್ಲಿಂದ ಬರಬೇಕು ಅಂದುಕೊಂಡೆ. ಮತ್ತೆ ಹತ್ತಿ ಕೂತು ಕ್ಲಚ್ ಬಿಟ್ಟರೆ, ಗಾಡಿ ಏನೂ ಆಗಿಲ್ಲವೆಂಬಂತೆ ಏರಿತು. ಆಮೇಲೆ ಗೊತ್ತಾಯಿತು, ಕೆಲಸ ಮಾಡುವುದೇ ಆ ಮೆತ್ತಿಕೊಂಡ ಹಿಮ. ಹಿಮವನ್ನು ರಬ್ಬರ್‌ಗಿಂತ ಹಿಮವೇ ಚೆನ್ನಾಗಿ ಹಿಡಿಯುತ್ತದೆ. ಕೈಯಲ್ಲಿ ಉಂಡೆ ಕಟ್ಟಿದರೆ ಅಂಟಿಕೊಳ್ಳುತ್ತದೆ ಅಲ್ವಾ, ಹಾಗೇ. ಕೆಸರಿನಲ್ಲಿ ಇದರ ಉಲ್ಟಾ. ಅಲ್ಲಿ ಸಂದಿ ಖಾಲಿಯಾಗದಿದ್ದರೆ ಟೈರ್ ಸುಮ್ನೆ ತಿರುಗುತ್ತಾ ಕೂರುತ್ತದೆ.

ಇನ್ನು ಬೇರೆ ಗಾಡಿಗಳು ಓಡಾಡಿ ಬಿಗಿದುಹೋದ ಹಿಮ. ಇಲ್ಲಿ ದೊಡ್ಡ ಬಟನ್‌ನಿಂದ ಅಂಥ ಲಾಭವಿಲ್ಲ. ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳಿರುತ್ತವಲ್ಲ, ಸೈಪ್ ಅನ್ನುತ್ತಾರೆ, ಹಿಡಿಯುವುದು ಅವುಗಳ ಅಂಚು. ನನ್ನ ಹಳೆಯ ಮಡ್ ಟೆರೈನ್‌ನಲ್ಲಿ ಸೈಪ್ ಇದ್ದದ್ದೇ ಕಡಿಮೆ. ಬಿಗಿದ ಹಿಮದ ಮೇಲೆ ಅದು ಸಾಬೂನಿನ ಹಾಗೆ ಜಾರುತ್ತಿತ್ತು. ಆಲ್ ಟೆರೈನ್ ಎಷ್ಟೋ ವಾಸಿ. ಆದರೆ ಕರಗಿ ಮತ್ತೆ ಹೆಪ್ಪುಗಟ್ಟಿದ ಐಸ್ ಮೇಲೆ ಎರಡೂ ಒಂದೇ, ಎರಡನ್ನೂ ನಂಬುವ ಹಾಗಿಲ್ಲ.

ಕೊಳ್ಳುವವರು ಟೈರಿನ ಪಕ್ಕದ ಗುರುತು ನೋಡಿ. ‘ಎಂ+ಎಸ್’ ಅಂತ ಇದ್ದರೆ ಕೆಸರು ಮತ್ತು ಹಿಮ ಅಂತ ಅರ್ಥ, ನಿಜ. ಆದರೆ ಅದು ಟ್ರೆಡ್ಡಿನ (ಟೈರಿನ ನೆಲಕ್ಕೆ ತಾಗುವ ಮೈಯ) ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು, ಅದಕ್ಕೆ ಹಿಮದ ಪರೀಕ್ಷೆ ಬೇಕಿಲ್ಲ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಚಿತ್ರವಿದ್ದರೆ, ಹಿಮದ ಮೇಲೆ ಓಡಿಸಿ ಪರೀಕ್ಷಿಸಿದ್ದಾರೆ ಎಂದರ್ಥ. ನನ್ನ ಈಗಿನ ಸೆಟ್ಟಿನಲ್ಲಿ ಅದಿದೆ. ಆದರೂ ಐಸ್ ಆ ಪರೀಕ್ಷೆಯಲ್ಲಿ ಬರುವುದಿಲ್ಲ.

ನನಗೆ ಬುದ್ಧಿ ಕಲಿಸಿದ್ದು ಹಿಮವಲ್ಲ, ಮಳೆ. ನಿಂತ ನೀರಿನಲ್ಲಿ ತೊಂದರೆಯಿಲ್ಲ, ಅಗಲ ಸಂದಿಗಳು ನೀರನ್ನು ಆಚೆ ತಳ್ಳುತ್ತವೆ, ಟೈರ್ ಸುಲಭಕ್ಕೆ ತೇಲುವುದಿಲ್ಲ. ಕಾಟ ಕೊಡುವುದು ತೆಳ್ಳಗೆ ಒದ್ದೆಯಾದ ನುಣುಪು ರಸ್ತೆ. ಸಂದಿ ಜಾಸ್ತಿ ಎಂದರೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆ. ಜೊತೆಗೆ ಕಲ್ಲಿಗೆ ಹರಿಯಬಾರದು ಅಂತ ಇಂಥ ಟೈರ್‌ಗಳ ರಬ್ಬರನ್ನು ಗಡುಸಾಗಿಯೇ ಮಾಡಿರುತ್ತಾರೆ. ಎರಡನೇ ವರ್ಷದ ಒಂದು ಸಂಜೆ, ಜಿಟಿಜಿಟಿ ಮಳೆ, ಇಳಿಜಾರು, ಮುಂದಿನ ಕಾರು ನಿಂತಿತು. ನಾನೂ ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಅಂತ ಪಾದಕ್ಕೆ ಬಡಿಯುತ್ತಿದೆ, ಗಾಡಿ ಮಾತ್ರ ಹೋಗುತ್ತಲೇ ಇದೆ. ಒಂದು ಮಾರು ಅಂತರದಲ್ಲಿ ನಿಂತಿತು. ಏರು ಹತ್ತಿಸಿದ್ದ ಫೋರ್ ವೀಲ್ ಡ್ರೈವ್ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಅದು ಎಳೆಯುವುದಕ್ಕೆ, ನಿಲ್ಲಿಸುವುದಕ್ಕಲ್ಲ.

ಮೂರನೇ ಚಳಿಗಾಲದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೊಸದರಲ್ಲಿ ಟ್ರೆಡ್ ಆಳ 12 ಮಿ.ಮೀ. ಇತ್ತು, ಈಗ 6. ಇನ್ನೂ ಅರ್ಧ ಇದೆ, ಸಾಕಷ್ಟಾಯಿತು ಅನ್ನಿಸುತ್ತದೆ. ಬಗ್ಗಿ ನೋಡಿದರೆ ನಡುವಿನ ಬಟನ್‌ಗಳ ಮೇಲೆ ಸೈಪ್‌ಗಳೇ ಇಲ್ಲ, ಬೋಳು! ಅವನ್ನು ತಳದವರೆಗೆ ಕೊರೆದಿರಲೇ ಇಲ್ಲ. ಅಂದರೆ ಟೈರ್ ಅರ್ಧ ಸವೆಯುವಷ್ಟರಲ್ಲಿ ಬಿಗಿದ ಹಿಮದ ಗ್ರಿಪ್ ಹೆಚ್ಚುಕಡಿಮೆ ಮುಗಿದಿತ್ತು. ಹಲವು ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ.; ಹಿಮಕ್ಕೆ 4 ಮಿ.ಮೀ.ಗಿಂತ ಕೆಳಗೆ ಇಳಿಸಬೇಡಿ ಅನ್ನುತ್ತಾರೆ. ನನ್ನ ಟೈರ್ ಮಟ್ಟಿಗೆ 6 ಮಿ.ಮೀ.ಗೇ ಆಟ ಮುಗಿದಿದೆ. ಅಂಗಡಿಯಲ್ಲಿ ಟ್ರೆಡ್ ಆಳ ಕೇಳುವ ನಾವು ಸೈಪ್ ಆಳ ಕೇಳುವುದೇ ಇಲ್ಲ. ಹೊಸ ಟೈರಿನ ಸೀಳಿನೊಳಗೆ ತೆಳ್ಳನೆಯ ಕಾರ್ಡ್ ಒಂದನ್ನು ಇಳಿಸಿದರೆ ಸಾಕು, ತಿಳಿಯುತ್ತದೆ.

ಗಾಳಿಯ ಬಗ್ಗೆ ಒಂದು ಮಾತು. ಹವೆ ಸುಮಾರು 5-6 ಡಿಗ್ರಿ ತಣ್ಣಗಾದರೆ ಟೈರಿನ ಗಾಳಿಯ ಒತ್ತಡ 1 ಪಿಎಸ್‌ಐ (ಒತ್ತಡದ ಅಳತೆ) ಇಳಿಯುತ್ತದೆ. ಸೆಖೆಯಲ್ಲಿ ತುಂಬಿಸಿದ ಗಾಳಿಯನ್ನೇ ನಂಬಿ ಚಳಿಗಾಲಕ್ಕೆ ಹೋಗಬೇಡಿ. ನಾನು ಹೋಗಿದ್ದೆ, ಅಂಚು ಸವೆಸಿಕೊಂಡೆ.

ಸದ್ದು ಇದೆ. ಮಡ್ ಟೆರೈನ್ ಗುಂಯ್‌ಗುಡುತ್ತಿತ್ತು, ಇದು ಗೊಣಗುತ್ತದೆ ಅಷ್ಟೇ. ಮೈಲೇಜ್ ಸ್ವಲ್ಪ ಬಿದ್ದಿದೆ. ಪಂಕ್ಚರ್ ಒಂದೂ ಆಗಿಲ್ಲ, ಅದಕ್ಕೆ ಪೂರ್ತಿ ಅಂಕ.

ವರ್ಷಕ್ಕೆ ನಾಲ್ಕು ದಿನ ಹಿಮ, ಉಳಿದಂತೆ ಮಣ್ಣು ಹಾದಿ ಅನ್ನುವವರು ಧಾರಾಳವಾಗಿ ತಗೊಳ್ಳಿ. ಚಳಿಗಾಲವಿಡೀ ಹಿಮ ಮತ್ತು ಐಸ್ ಮೇಲೆ ಓಡಿಸುವವರು ಬೇರೆ ವಿಂಟರ್ ಟೈರ್ ಇಟ್ಟುಕೊಳ್ಳಿ. ನಾನು ಈ ಬಾರಿ ಅದನ್ನೇ ಮಾಡುತ್ತಿದ್ದೇನೆ. ಈ ನಾಲ್ಕನ್ನು ಬಿಚ್ಚಿ, ಯಾವುದು ಎಲ್ಲಿತ್ತು ಅಂತ ಚಾಕ್‌ಪೀಸಿನಲ್ಲಿ ಬರೆದು ಒಳಗಿಟ್ಟಿದ್ದೇನೆ. ಮಣ್ಣು ಒಣಗಿದ ಮೇಲೆ ಮತ್ತೆ ಹಾಕಿಸುತ್ತೇನೆ. ಐದಕ್ಕೆ ಮೂರೂವರೆ.