ಪೆಟ್ಟಿಗೆಯ ಕಿಟ್ಟೋ, ಮನೆಯ ಡಬ್ಬಿಯೋ?

ನನ್ನದು ನಲಿ-ಕಲಿ ತರಗತಿ. ಒಂದರಿಂದ ಮೂರನೇ ತರಗತಿಯ 24 ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪರಿಸರ ಅಧ್ಯಯನದ ಪಾಠವನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕು ಅಂತ ಎರಡು ವರ್ಷ ಎರಡು ದಾರಿ ಹಿಡಿದೆ. ಮೊದಲ ವರ್ಷ ಊರಿನವರು ಕೊಡಿಸಿದ ರೆಡಿಮೇಡ್ ವಿಜ್ಞಾನ ಕಿಟ್. ಮರುವರ್ಷ ಮಕ್ಕಳ ಮನೆಯಿಂದಲೇ ಬಂದ ಸಾಮಾನು.

ಕಿಟ್ ನೋಡೋಕೆ ತುಂಬಾ ಚೆನ್ನಾಗಿತ್ತು. ಲೆನ್ಸ್, ಗಾಜಿನ ಪ್ರನಾಳ, ಬಲ್ಬು, ವೈರು, ಎಲ್ಲ ಅಚ್ಚುಕಟ್ಟು. ಆದರೆ ಲೆನ್ಸ್ ಇದ್ದದ್ದು ಒಂದೇ. ನಾನು ಮೇಜಿನ ಮೇಲೆ ಮಾಡಿ ತೋರಿಸುತ್ತಿದ್ದೆ, ಮಕ್ಕಳು ಸುತ್ತ ನಿಂತು ಇಣುಕುತ್ತಿದ್ದರು. ಹಿಂದೆ ನಿಂತ ಒಂದನೇ ತರಗತಿಯ ಪುಟಾಣಿಗಳಿಗೆ ಕಂಡದ್ದು ದೊಡ್ಡವರ ಬೆನ್ನು ಮಾತ್ರ. ಒಂದು ಪ್ರನಾಳ ಒಡೆದ ಮೇಲೆ ಪೆಟ್ಟಿಗೆ ಬೀರು ಸೇರಿತು. ಗುಂಡಿಯಷ್ಟು ಚಿಕ್ಕ ಅಯಸ್ಕಾಂತ ಎರಡಿದ್ದವು, ಅವನ್ನು ಮೊದಲ ದಿನವೇ ತೆಗೆದಿಟ್ಟೆ. ಮಗು ಎರಡನ್ನೂ ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಎಳೆದು ಕರುಳನ್ನೇ ತೂತು ಮಾಡಬಲ್ಲವು. ಚಿಕ್ಕ ಮಕ್ಕಳ ತರಗತಿಗೆ ಅವು ಬೇಡವೇ ಬೇಡ.

ಎರಡನೇ ವರ್ಷಕ್ಕೆ ಧೈರ್ಯ ಕೊಟ್ಟದ್ದು ಮಧ್ಯಪ್ರದೇಶದ ಹೋಶಂಗಾಬಾದ್. 1972ರಲ್ಲಿ ಅಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮದಲ್ಲಿ ಹಳ್ಳಿ ಶಾಲೆಯ ಮಕ್ಕಳು ಅಗ್ಗದ ಸಾಮಾನಿನಿಂದಲೇ ಪ್ರಯೋಗ ಮಾಡಿದರು. ಅದೇ ದಾರಿಯಲ್ಲಿ ಬಂದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಿಂದ ಆಕಾರಗಳನ್ನು ಕಟ್ಟಿಸಿದರು. ಹೋಶಂಗಾಬಾದಿನದು ಆರರಿಂದ ಎಂಟನೇ ತರಗತಿಯವರಿಗೆ. ನನ್ನ ಮಕ್ಕಳ ಪುಟ್ಟ ಬೆರಳಿಗೆ ಆ ಸಣ್ಣ ಕೆಲಸ ಹಿಡಿಸಲಿಲ್ಲ. ಹಾಗಾಗಿ ದಾರಿ ಮಾತ್ರ ತೆಗೆದುಕೊಂಡೆ, ಸಾಮಾನು ನನ್ನದೇ: ಡಬ್ಬಿ, ಮುಚ್ಚಳ, ತೆಂಗಿನ ಚಿಪ್ಪು, ಕಾಳು, ಕಲ್ಲು.

ನೆಲದ ಮೇಲೆ ನಾಲ್ಕು ಮೂಲೆಗೆ ನಾಲ್ಕು ತಟ್ಟೆ, ಒಂದೊಂದಕ್ಕೆ ಆರು ಮಕ್ಕಳು. ಒಂದು ದಿನ ನೀರಿನ ಬೋಗುಣಿಗೆ ಕಿತ್ತಳೆ ಹಾಕಿದೆವು, ತೇಲಿತು. "ಸಿಪ್ಪೆ ತೆಗೆದ್ರೆ ಹಗುರ ಆಗುತ್ತೆ, ಇನ್ನೂ ಚೆನ್ನಾಗಿ ತೇಲುತ್ತೆ ಮಿಸ್" ಅಂದಳು ಎರಡನೇ ತರಗತಿಯ ಹುಡುಗಿ. ಸುಲಿದು ಬಿಟ್ಟಳು. ಹಣ್ಣು ತಳಕ್ಕೆ ಹೋಯಿತು. ಅವಳು ಏನೂ ಮಾತಾಡಲಿಲ್ಲ. ಸಿಪ್ಪೆಯನ್ನು ನೀರೊಳಗೆ ಅದುಮಿ ಹಿಡಿದಳು, ಬಿಟ್ಟ ಕೂಡಲೇ ಮೇಲೆ ಬಂತು. ಒಳಗಿನ ಬಿಳಿ ಪದರವನ್ನು ಹಿಂಡಿದಾಗ ಸಣ್ಣ ಗುಳ್ಳೆ ಎದ್ದವು. "ಇದ್ರೊಳಗೆ ಗಾಳಿ ಇದೆ!" ನಾನು ಹೇಳಿಕೊಡಬೇಕಿದ್ದ ಮಾತು ಅವಳ ಬಾಯಲ್ಲೇ ಬಂತು. ಮರುದಿನ ಮೂವರು ಮನೆಯಲ್ಲೂ ಮಾಡಿ ನೋಡಿ ಬಂದಿದ್ದರು. ಕಿಟ್ ಇದ್ದ ವರ್ಷ ಒಬ್ಬರೂ ಹೀಗೆ ಮಾಡಲಿಲ್ಲ. ಮನೆಯಲ್ಲಿ ಪ್ರನಾಳ ಎಲ್ಲಿರುತ್ತೆ, ಅಲ್ವಾ?

ಮನೆ ಸಾಮಾನಿಗೂ ತೊಂದರೆ ಇದೆ. ನನ್ನ ತಯಾರಿಯ ಕೆಲಸ ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಎರಡೇ ದಿನಕ್ಕೆ ಮೊಳಕೆ ಬಂತು, ಸರಿ. ಆದರೆ ಗೌರಿ-ಗಣೇಶ ಹಬ್ಬದ ರಜೆಗೆ ಮೊದಲು ಕಟ್ಟಿಟ್ಟದ್ದು ಬೂಸ್ಟು ಹಿಡಿದು ನಾರಿತ್ತು. ಮೊಳಕೆ ಕಟ್ಟುವುದಾದರೆ ಸೋಮವಾರ ಕಟ್ಟಿ.

ಲೆನ್ಸ್ ವಿಷಯದಲ್ಲಿ ಮಾತ್ರ ಕಿಟ್ಟೇ ಗೆದ್ದಿತು. ಪ್ಲಾಸ್ಟಿಕ್ ಹಾಳೆಯ ಮೇಲೆ ನೀರಿನ ಹನಿ ಇಟ್ಟು ನೋಡಿಸಿದೆ, ಪುಟ್ಟ ಕೈ ನಡುಗಿ ಹನಿ ಉರುಳಿಹೋಗುತ್ತಿತ್ತು. ಕೊನೆಗೆ ಆರು ಪ್ಲಾಸ್ಟಿಕ್ ಹಿಡಿಯ ಲೆನ್ಸ್ ಕೊಂಡೆ, ಒಂದು ತಟ್ಟೆಗೆ ಅಷ್ಟು ಸಾಕು. ಅಯಸ್ಕಾಂತ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಹಳೇ ಸ್ಪೀಕರಿನದು, ಉದ್ದಿನ ವಡೆಯಷ್ಟು ದೊಡ್ಡದು, ನಡುವೆ ತೂತು. ನುಂಗುವ ಭಯವಿಲ್ಲ. ಮರಳಲ್ಲಿ ಹೊರಳಿಸಿದರೆ ಕಪ್ಪು ಪುಡಿ ಮೀಸೆಯ ಹಾಗೆ ಅಂಟಿಕೊಳ್ಳುತ್ತೆ.

ಈಗ ಬೀರುವಿಗೆ ಬೀಗವಿಲ್ಲ. ಎಲ್ಲ ಸಾಮಾನು ಮಕ್ಕಳ ಕೈಗೆ ಸಿಗುವ ಕೆಳಗಿನ ಗೂಡಿನಲ್ಲಿದೆ. ನಾಲ್ಕು ತಟ್ಟೆಯನ್ನು ಒಂದೇ ದಿನ ಸುತ್ತಿಸಿದರೆ ಅವಸರವಾಗುತ್ತೆ, ಅದಕ್ಕೆ ದಿನಕ್ಕೆ ಎರಡೇ ಇಡುತ್ತಿದ್ದೇನೆ.